ತಿಮೋತೆಯಾಳ ಜೇಡನೂಲು

ಅಲ್ಲಾಡದ ಕೈ ಎಂದರೆ ನನ್ನದು. ಆ ದೊಡ್ಡ ಭೂಕಂಪದಲ್ಲಿ ಇಡೀ ಚಿಲಿ ದೇಶ ತೊಟ್ಟಿಲಿನಂತೆ ತೂಗಿತು, ಇಗರ್ಜಿಯ ಗಂಟೆ ತಾನಾಗಿ ಬಾರಿಸಿಕೊಂಡಿತು. ನನ್ನ ಕೈಯಲ್ಲಿದ್ದ ದ್ರಾಕ್ಷಿ ಸಾರಾಯಿ ಮಾತ್ರ ಒಂದು ತೊಟ್ಟೂ ತುಳುಕಲಿಲ್ಲ. ಬೋಳುಗುಡ್ಡದ ವೀಕ್ಷಣಾಲಯಕ್ಕೆ ಲಾರಿಯಲ್ಲಿ ಗಾಜು, ಕನ್ನಡಿ ಹೊತ್ತು ತಂದವನೂ ನಾನೇ. ಈ ಕೀರ್ತಿ ಕೇಳಿಯೇ ತಿಮೋತೆಯಾ ಪಾಸ್ತೆನ್ ನನ್ನನ್ನು ಸಹಾಯಕ್ಕೆ ಕರೆದದ್ದು.

ತಿಮೋತೆಯಾ ಮೇಕೆ ಕಾಯುವವರ ಮಗಳು. ಗುಡ್ಡದ ಮೇಲಿನ ಅಡುಗೆಮನೆಗೆ ಪಾತ್ರೆ ತೊಳೆಯಲು ಬಂದವಳು. ದೂರದರ್ಶಕದ ಕಣ್ಣಿನೊಳಗೆ ನಕ್ಷತ್ರದ ಜಾಗ ಗುರುತಿಸಲು ಒಂದರ ಮೇಲೊಂದು ಅಡ್ಡಲಾಗಿ ಎಳೆದ ಎರಡು ನೂಲಿರುತ್ತವೆ. ಅವು ಹರಿದರೆ ಮನೆಯಷ್ಟು ದೊಡ್ಡ ಯಂತ್ರವೂ ಕುರುಡು. ಹಾಗೆ ಒಮ್ಮೆ ಹರಿದು, ವಿಜ್ಞಾನಿಗಳೆಲ್ಲ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಇವಳು ಬಂಡೆಯಡಿಯಿಂದ ಕಂದು ಜೇಡವೊಂದರ ಮೊಟ್ಟೆಗೂಡು ತಂದಳು. ಅದರ ಎಳೆ ಬಿಚ್ಚಿ ಕವಲುಕಡ್ಡಿಗೆ ಸುತ್ತಿ, ನೀರಿಗೆ ಅದ್ದಿ, ಹಿತ್ತಾಳೆ ಉಂಗುರಕ್ಕೆ ಬಿಗಿದು, ಅರಗಿನಿಂದ ಅಂಟಿಸಿದಳು. ಆಮೇಲೆ ಅದರ ಮೇಲೆ ಉಸಿರು ಬಿಟ್ಟಳು. ಉಸಿರಿನ ತೇವಕ್ಕೆ ಜೋತುಬಿದ್ದ ನೂಲು ಕಸಕ್ಕೆ, ಬಿಗಿಯಾಗಿ ನಿಂತದ್ದು ಯಂತ್ರಕ್ಕೆ. ಅಂದಿನಿಂದ ಒಂಬತ್ತು ವರ್ಷ ನಮ್ಮ ಗುಡ್ಡದ ನಕ್ಷತ್ರಗಳೆಲ್ಲ ಅವಳ ನೂಲು ದಾಟಿಯೇ ಹೋಗುತ್ತಿದ್ದವು. ಹಾಜರಿ ಪಟ್ಟಿಯಲ್ಲಿ ಮಾತ್ರ ಅವಳ ಹೆಸರು ಇನ್ನೂ ಅಡುಗೆಮನೆಯ ಸಾಲಿನಲ್ಲೇ ಇತ್ತು.

ಆಗ ಬಂದರು ಹೊಸ ಇಂಜಿನಿಯರ್ ಕಾನ್ರಾಡ್ ಸಾಹೇಬರು, ನಮ್ಮ ಮಾತಿನಲ್ಲಿ ದೋನ್ ಕಾನ್ರಾಡ್. ಎಷ್ಟು ಎತ್ತರವೆಂದರೆ, ಅವರ ಟೋಪಿಯ ಮೇಲೆ ಹಿಮ ಬೀಳುವಾಗ ಬೂಟಿನ ಬಳಿ ಬಿಸಿಲಿರುತ್ತಿತ್ತು. ನೂಲಿನ ಬದಲಿಗೆಂದು ಮಖಮಲ್ಲಿನ ಪೆಟ್ಟಿಗೆಯಲ್ಲಿ ಲೋಹದ ತಂತಿ ತಂದಿದ್ದರು. ವಿಜ್ಞಾನದಲ್ಲಿ ಹುಳುಹುಪ್ಪಟೆಗೆ ಜಾಗವಿಲ್ಲ, ಉಪಕರಣದ ಕೋಣೆಯಲ್ಲಿ ಅಡುಗೆಯವರಿಗೂ ಇಲ್ಲ ಎಂದು ಎಲ್ಲರೆದುರೇ ಹೇಳಿದರು.

ತಿಮೋತೆಯಾ ಜಾಗ ಬಿಟ್ಟು ಕದಲಲಿಲ್ಲ. "ಎರಡನ್ನೂ ಹಾಕಿ ಪರೀಕ್ಷೆ ಮಾಡಿ, ದೋನ್. ನನ್ನ ನೂಲು ಸೋತರೆ ನಾನೇ ಬಾಗಿಲು ಎಳ್ಕೊಂಡು ಹೋಗ್ತೀನಿ."

"ಗೆದ್ದರೆ?"

"ಈ ಕೋಣೆ ನಂದು. ಆ ಪಾತ್ರೆಗಳು ನಂದಲ್ಲ."

ಪರೀಕ್ಷೆ ಮರುದಿನ ಬೆಳಿಗ್ಗೆ, ಬಿಸಿಲಿಗೆ ಗಾಳಿ ನಡುಗುವ ಮುನ್ನ, ಎಂದು ನಿಶ್ಚಯವಾಯಿತು. ಅಂದು ಮಧ್ಯಾಹ್ನವೇ ಉಂಗುರ ಹಿಡಿಯಲು ನಾನು ತೋಳು ಮಡಚಿ ಹಾಜರಾದೆ. ಅವಳ ಹತ್ತಿರ ಒಳ್ಳೆಯ ಎಳೆ ಉಳಿದಿದ್ದದ್ದು ನಾಲ್ಕೇ. ಕಣ್ಣಿಗೇ ಕಾಣದ್ದನ್ನು ಹಿಡಿದುಕೊಂಡು ನಿಲ್ಲುವುದು ಭೂಕಂಪದಂಥ ಸಣ್ಣ ಸಂಗತಿಯಲ್ಲ. ಮೊದಲನೆಯದು ಹರಿಯಿತು. ಗಾಳಿ ಎಂದೆ. ಎರಡನೆಯದೂ ಹರಿಯಿತು. ಕಿಟಕಿ ಮುಚ್ಚಿತ್ತು.

"ಎಲೀಸಿಯೊ, ಆ ಕೈನ ಲಾರಿಗೇ ಇಟ್ಕೋ," ಎಂದು ಉಂಗುರ ಕಸಿದುಕೊಂಡು, ರೊಟ್ಟಿಗೆ ನಾದಿಟ್ಟಿದ್ದ ಹಿಟ್ಟಿನ ಮುದ್ದೆಯೊಳಗೆ ಸಿಕ್ಕಿಸಿದಳು. ನನಗಿಂತ ಹಿಟ್ಟೇ ಗಟ್ಟಿಯಾಗಿ ನಿಂತಿತು. ಉಳಿದೆರಡು ಎಳೆಯನ್ನು ಅಂಟಿಸಿ, ಉಸಿರು ಬಿಟ್ಟು ನೋಡಿ, ರಾತ್ರಿಯಡುಗೆಗೆ ಹೋದಳು.

ಬೆಳಿಗ್ಗೆ ಎದುರು ಗುಡ್ಡದ ಮೇಲೆ ನೆಟ್ಟ ಬಿಳಿ ಹಲಗೆಯತ್ತ ದೂರದರ್ಶಕ ತಿರುಗಿಸಿದರು. ಹಲಗೆಯ ಮೇಲೊಂದು ಸಣ್ಣ ಕಪ್ಪು ಗೆರೆ. ಅದರ ನಟ್ಟನಡುವೆ ಗುರುತು ಕೂರಬೇಕು. ದೋನ್ ಕಾನ್ರಾಡ್ ಮೊದಲು ತಮ್ಮ ತಂತಿ ಹಾಕಿ ನೋಡಿದರು. ಗೆರೆ ಇಡಿಯಾಗಿ ತಂತಿಯ ಹಿಂದೆ ಅಡಗಿಹೋಯಿತು. ನಡು ಎಲ್ಲಿ, ಅಂಚು ಎಲ್ಲಿ, ದೇವರಿಗೇ ಗೊತ್ತು. ಆಮೇಲೆ ತಿಮೋತೆಯಾಳ ಉಂಗುರ. ನೂಲಿನ ಆಚೆಗೂ ಈಚೆಗೂ ಗೆರೆ ಸಮನಾಗಿ ಕಂಡಿತು. ದೋನ್ ಕಾನ್ರಾಡ್ ಉಂಗುರವನ್ನು ಹೊರಕ್ಕೆ ತೆಗೆದು, ಮುಖ ಕೆಂಪೇರುವವರೆಗೆ ಅದರ ಮೇಲೆ ಉಸಿರು ಬಿಟ್ಟರು. ನೂಲು ಜಗ್ಗಲಿಲ್ಲ.

ಕನ್ನಡಕವನ್ನು ಬಹಳ ಹೊತ್ತು ಒರೆಸಿಕೊಂಡರು. ಕೊನೆಗೆ, ದೊಡ್ಡ ಮನಸ್ಸು ಮಾಡಿದವರ ಹಾಗೆ, "ಸರಿ. ನಾಳೆಯಿಂದ ಪಾತ್ರೆ ತೊಳೆದಾದ ಮೇಲೆ ನೀವು ಈ ಕೋಣೆಗೆ ಬರಬಹುದು," ಎಂದರು.

ತಿಮೋತೆಯಾ ಏಪ್ರನ್ ಬಿಚ್ಚಿ ಮಡಚಿ ಅವರ ಮಖಮಲ್ಲಿನ ಪೆಟ್ಟಿಗೆಯ ಮೇಲಿಟ್ಟಳು.

"ಪಾತ್ರೆಗೆ ಬೇರೆಯವರನ್ನ ನೋಡ್ಕೊಳ್ಳಿ, ದೋನ್. ಬಂದೋರಿಗೆ ನಿಮ್ಮ ತಂತಿನೂ ಕೊಡಿ. ಅಷ್ಟು ದಪ್ಪ ಇದೆಯಲ್ಲ, ತಳ ಹಿಡಿದ ಪಾತ್ರೆ ಉಜ್ಜೋಕೆ ಚೆನ್ನಾಗಿರುತ್ತೆ."