ಪಟ ಮೊದಲು ನೋಡುತ್ತಿದ್ದ ಅಕ್ಕ

ಅಕ್ಕನ ಕನ್ನಡಕಕ್ಕೆ ಬಲಗಡೆಯ ಕಡ್ಡಿ ಇರಲಿಲ್ಲ. ಅಲ್ಲಿ ಕಂಬಳಿಯ ಕರಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದೆ ಅವರದೊಂದು ಡಿಟಿಪಿ ಅಂಗಡಿ; ಅಲ್ಲಿಗೆ ಬರುವವರಿಗೆಲ್ಲ ಅವರು ಅಕ್ಕ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಎಲ್ಲ ಅಲ್ಲೇ ತಯಾರಾಗಿ ಬಳ್ಳಾರಿಯ ಪ್ರೆಸ್ಸಿಗೆ ಹೋಗುತ್ತಿದ್ದವು. ಹೊಸ ಕನ್ನಡಕ ಮಾಡಿಸಿ ಎಂದರೆ, "ಕಣ್ಣು ಕಾಣ್ತೈತಲ್ಲ, ಕಿವಿಗ್ಯಾಕೆ ಸಿಂಗಾರ" ಎನ್ನುತ್ತಿದ್ದರು.

ನಾನಾಗ ಕುದಾಪುರದ ಕಡೆಯ ಹುಲ್ಲುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಒಂದು ಲೇಖನವಾದರೂ ಜರ್ನಲ್‌ನಲ್ಲಿ ಬರದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ. ನನ್ನದು ಎರಡು ಸಲ ವಾಪಸ್ ಬಂದಿತ್ತು. ಚಿತ್ರಗಳಿರಬೇಕಾದ ಕಡೆ ಬರೀ ಖಾಲಿ ಚೌಕಗಳಿವೆಯಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಒಂದೊಂದು ಹುಲ್ಲೂ ಚೆನ್ನಾಗಿಯೇ ಕಾಣುತ್ತಿತ್ತು. ಜರ್ನಲ್‌ನವರ ಕಂಪ್ಯೂಟರೇ ಸರಿಯಿಲ್ಲ ಎಂದು ಬೈದುಕೊಂಡೆ. ಮೂರನೆಯ ಸಲ ಕಳಿಸಲು ಅಂದು ಸಂಜೆಯೇ ಕೊನೆ. ದಿಕ್ಕು ತೋಚದೆ ಅಕ್ಕನ ಅಂಗಡಿಗೆ ಹೋದೆ.

ಅಕ್ಕ ಫೈಲನ್ನು ಮೂಲೆಯ ಹಳೆಯ ಕಂಪ್ಯೂಟರಿಗೆ ಹಾಕಿದರು. ಪ್ರೆಸ್ಸಿಗೆ ಹೋಗುವ ಯಾವ ಕಾರ್ಡನ್ನೂ ಅದರಲ್ಲಿ ತೆರೆದು ನೋಡದೆ ಅವರು ಕಳಿಸುತ್ತಿರಲಿಲ್ಲ. ಅದರಲ್ಲೂ ಖಾಲಿ ಚೌಕಗಳೇ ಕಂಡವು.

"ಪಟ ಎಲ್ಲ ನಿನ್ ಮಿಷಿನ್ನಾಗೇ ಉಳ್ಕಂಡವೆ ತಮ್ಮ. ಅವು ಎಲ್ಲಿ ಅವೆ ಅನ್ನೋ ವಿಳಾಸ ಅಷ್ಟೇ ನೀನು ಕಳ್ಸಿರೋದು," ಎಂದರು. "ಎಲ್ಲಾನೂ ಒಂದೇ ಫೋಲ್ಡರಿಗೆ ಹಾಕು. ಪೂರ್ತಿ ಫೋಲ್ಡರೇ ಕಳ್ಸು."

ಅವಸರದಲ್ಲಿ ಹಾಗೇ ಮಾಡಿದೆ. ಇದೇ ಹೆಸರಿನ ಚಿತ್ರ ಆಗಲೇ ಇದೆ, ಬದಲಿಸಲೇ ಎಂದು ಕಂಪ್ಯೂಟರ್ ಕೇಳಿತು. ಓದದೆ 'ಹೌದು' ಒತ್ತಿದೆ. ಈ ಸಲ ಹಳೆಯ ಕಂಪ್ಯೂಟರಿನಲ್ಲೂ ಚಿತ್ರಗಳು ಕಂಡವು. ಕಳಿಸಿಬಿಡುತ್ತೇನೆ ಎಂದರೆ ಅಕ್ಕ ಬಿಡಲಿಲ್ಲ. ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ, ಅಕ್ಷರಗಳ ಮೇಲೆ ರಟ್ಟು ಮುಚ್ಚಿ ಚಿತ್ರಗಳನ್ನಷ್ಟೇ ನೋಡತೊಡಗಿದರು. ಓದುತ್ತಾ ಕೂತರೆ ಮದುವೆ ಕಾರ್ಡಿನಲ್ಲಿ ಗಂಡಿನ ಜಾಗದಲ್ಲಿ ಅವನ ತಮ್ಮನ ಫೋಟೊ ಬಂದರೂ ಗೊತ್ತಾಗುವುದಿಲ್ಲ ಎಂಬುದು ಅವರ ಅನುಭವ.

"ಎರಡನೇದೂ ಐದನೇದೂ ಒಂದೇ ಹುಲ್ಲಲ್ವಾ? ಎಲ್ಡೂ ಕರಡದ ಹುಲ್ಲೇ."

"ಬೇರೆ ಬೇರೆ ಜಾತಿ ಅಕ್ಕ," ಎಂದೆ, ದೊಡ್ಡ ಪಂಡಿತನ ಹಾಗೆ.

"ಕುರಿ ಕಾಯ್ದೋಳು ನಾನು. ಸರ್ಯಾಗಿ ನೋಡು."

ನೋಡಿದೆ. ಎರಡೂ ಕಡೆ ಒಂದೇ ಚಿತ್ರ. ಎರಡು ಊರಲ್ಲಿ ತೆಗೆದು ಬೇರೆ ಬೇರೆ ಫೋಲ್ಡರಿನಲ್ಲಿಟ್ಟಿದ್ದ ಎರಡು ಚಿತ್ರಕ್ಕೂ 'ಹುಲ್ಲು ೧' ಎಂದೇ ಹೆಸರಿಟ್ಟಿದ್ದೆ. ಒಂದು ಇನ್ನೊಂದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು. ಹಾಗೇ ಹೋಗಿದ್ದರೆ ನನ್ನ ಐದು ವರ್ಷದ ಕೆಲಸ ನಗೆಪಾಟಲಾಗುತ್ತಿತ್ತು. ಅಳಿದ ಚಿತ್ರವನ್ನು ಕ್ಯಾಮೆರಾದಿಂದ ಮತ್ತೆ ಹಾಕಿಕೊಂಡು, ಬೇರೆ ಹೆಸರು ಕೊಟ್ಟು, ಸಂಜೆಯೊಳಗೆ ಕಳಿಸಿದೆವು. ಲೇಖನ ಒಪ್ಪಿಗೆಯಾಯಿತು.

ಅಚ್ಚಾದ ಮೇಲೆ ಒಯ್ದು ತೋರಿಸಿದೆ. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಿತ್ರಗಳನ್ನೆಲ್ಲ ನೋಡಿ, ಕೊನೆಯಲ್ಲಿದ್ದ ಹೆಸರುಗಳ ಮೇಲೆ ಬೆರಳಿಟ್ಟು ಇದೇನು ಎಂದರು. ನೆರವಾದವರಿಗೆ ಕೃತಜ್ಞತೆ ಎಂದೆ. ಗೈಡ್, ಕ್ಯಾಮೆರಾ ಕೊಟ್ಟ ಗೆಳೆಯ, ಜೀಪಿನ ಡ್ರೈವರ್ ಎಲ್ಲರೂ ಅಲ್ಲಿದ್ದರು. ಅಕ್ಕನ ಹೆಸರು ಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಯಾರ ಹೆಸರೂ ಬಿಟ್ಟಿಲ್ಲ ತಾನೆ? ಕಾರ್ಡಿನಾಗೆ ಒಂದು ಹೆಸರು ಬಿಟ್ರೆ ವರ್ಷಗಟ್ಲೆ ಮಾತು ಬಿಡ್ತಾರೆ."

"ಇಲ್ಲಕ್ಕ," ಎಂದೆ.

"ಸರಿ ಬಿಡು," ಎಂದು ಟೀ ತರಿಸಿದರು.

ಹೋದ ವರ್ಷ ಅಕ್ಕ ತೀರಿಕೊಂಡರು. ನಾನು ಆಡಿದ್ದು ಸುಳ್ಳು ಎಂದು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಸಮಯವಿತ್ತು.