ಬೆನ್ನಿಗೆ ಬೆನ್ನು ಕೊಡುವ ಗಾಡಿ

ಮೊನ್ನೆ ಮುದ್ದೇಬಿಹಾಳದಿಂದ ಬರುವಾಗ ಆಟೋದ ಹಿಂದಿನ ಹಲಗೆಯ ಮೇಲೆ ಹಿಮ್ಮುಖವಾಗಿ ಕುಳಿತೆ. ಹೀಗೆ ಕುಳಿತರೆ ಮುಂದಿನದು ಕಾಣದು, ದಾಟಿದ್ದು ಮಾತ್ರ ಕಾಣುತ್ತದೆ. “ರಂಗೂನಿನ್ಯಾಗ ಹಿಂಗ ಕುಂತಿದ್ದೆ” ಎಂದೆ. ಪಕ್ಕದವಳು ನಕ್ಕಳು. ನಗಲಿ, ನೀವಾದರೂ ಕೇಳಿ.

ಮದುವೆಯಾದ ಹೊಸತರಲ್ಲಿ ಗಂಡ ಬರ್ಮಾ ದೇಶದ ಆ ಊರಿನ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದ. ಇಂಡಿ ಬಿಟ್ಟು ಬೇರೆ ಊರು ಕಾಣದ ನಾನು ಹಡಗಿನ ತುಂಬ ವಾಂತಿ ಮಾಡಿ ಅಲ್ಲಿ ಇಳಿದೆ. ಅಲ್ಲಿ ಬಾಡಿಗೆಗೆ ಸಿಗುವುದು ಸೈಡ್‌ಕಾರು. ಸೈಕಲ್ಲಿನ ಮಗ್ಗುಲಿಗೆ ಇನ್ನೊಂದು ಗಾಲಿ, ಮೇಲೆ ಎರಡು ಕುರ್ಚಿ: ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಕುಳಿತವರ ಬೆನ್ನಿಗೆ ಬೆನ್ನು ತಾಗುತ್ತದೆ. ನಮ್ಮಲ್ಲಿ ಎತ್ತುಗಳನ್ನೂ ಹಾಗೆ ಕಟ್ಟುವುದಿಲ್ಲ.

ನನಗೆ ದಿನ ತುಂಬುವ ಹೊತ್ತಿಗೆ ಊರಿನಿಂದ ಮಾವ ಬಂದರು. ನಮ್ಮ ಮನೆತನದಲ್ಲಿ ಸೊಸೆ ಮಾವನ ಎದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ನೀರು ಬೇಕಾದರೆ ಅವರು ಕಂಬಕ್ಕೆ ಹೇಳುತ್ತಿದ್ದರು. ನಾನು ಕಂಬದ ಬುಡದಲ್ಲಿ ತಂಬಿಗೆ ಇಡುತ್ತಿದ್ದೆ. ಕಂಬ ಒಂದು ದಿನವೂ ಬೇಸರ ಮಾಡಲಿಲ್ಲ.

ಗಂಡ ಕೆಲಸಕ್ಕೆ ಹೋದಾಗ ನೋವು ಶುರುವಾಯಿತು. ನರಳಿದ್ದು ಕೇಳಿ ಮಾವ ಸೈಡ್‌ಕಾರು ಕರೆತಂದರು. ಅವರು ಮುಂದಕ್ಕೆ ಮುಖ ಮಾಡಿ, ನಾನು ಹಿಂದಕ್ಕೆ. ಬೆನ್ನುಗಳ ನಡುವೆ ಮರ್ಯಾದೆಗೆ ಒಂದು ಕೌದಿ. ಊರು ಬಲ್ಲವಳು ನಾನು, ಭಾಷೆ ಬಾರದೆ ಗಾಡಿಯವನಿಗೆ ಕೈ ಮಾಡಿ ದಾರಿ ತೋರಿಸುವವರು ಅವರು. ಸ್ವಲ್ಪ ಹೊತ್ತಿಗೆ ಮೀನಿನ ಪೇಟೆ ನನ್ನ ಕಣ್ಣೆದುರು ದೂರವಾಗತೊಡಗಿತು. ಆಸ್ಪತ್ರೆಗೆ ಅದಕ್ಕಿಂತ ಮೊದಲೇ ತಿರುಗಬೇಕಿತ್ತು. ಬಾಯಿ ಮುಚ್ಚಿದರೆ ಕೂಸು ರಸ್ತೆಯಲ್ಲಿ, ಬಾಯಿ ಬಿಟ್ಟರೆ ಮರ್ಯಾದೆ ರಸ್ತೆಯಲ್ಲಿ.

“ಮಾವಾರ, ದಾರಿ ತಪ್ಪೈತ್ರಿ! ಗಾಡಿ ಹೊಳ್ಳಸ್ರಿ!”

ಹಿಂದಿನ ಬೆನ್ನು ಬೆಚ್ಚಿತು. “ಯಾರದು?”

“ಮತ್ತ್ಯಾರ್ರಿ? ನಿಮ್ಮ ಸೊಸಿ!”

“ಮೊದ್ಲ ಹೇಳಾಕ ಏನಾಗಿತ್ತವ್ವಾ? ಬಾಯಾಗ ಕಡಬ ಇತ್ತೇನು?”

“ಹೇಳಾಕ ಇಲ್ಲಿ ಕಂಬ ಎಲ್ಲೈತ್ರಿ?”

ಮಾವ ನಕ್ಕದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಗಾಡಿ ಹೊರಳಿತು. “ತಡಿಯವ್ವಾ, ಬಂತು, ಬಂತು” ಎಂದು ಆಸ್ಪತ್ರೆಯವರೆಗೂ ಹೇಳುತ್ತಲೇ ಇದ್ದರು. ಹೆಣ್ಣು ಹುಟ್ಟಿತು. ಗಟ್ಟಿಯಾಗಿತ್ತು.

ಮನೆಗೆ ಬಂದ ಮೇಲೆ ಮಾವ ಮತ್ತೆ ಕಂಬಕ್ಕೇ ಹೇಳತೊಡಗಿದರು. ಆದರೆ ಖರೆ ಮಾತೇನಾದರೂ ಇದ್ದರೆ ಸೈಡ್‌ಕಾರು ತರಿಸುತ್ತಿದ್ದರು. ಮಗ ಕುಡಿಯುತ್ತಾನೇನು, ನಿನಗೆ ಊರು ನೆನಪಾಗುತ್ತದೇನು ಎಂದು ಕೇಳಿದ್ದೆಲ್ಲ ಆ ಗಾಡಿಯಲ್ಲೇ. ಅವರ ಮುಖ ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಬೆನ್ನು ಗೊತ್ತು.

ಆ ಚಾಳಿ ನನಗೂ ಅಂಟಿದೆ. ಮನಸ್ಸಿನ ಮಾತಿದ್ದರೆ ಸೊಸೆಗೆ ಒಲೆಯ ಕಡೆ ತಿರುಗಿ ಹೇಳುತ್ತೇನೆ. “ಅತ್ತೀಗ ಸಿಟ್ಟು ಬಂದೈತಿ” ಎಂದು ಅವಳು ಹೊರಗೆ ಹೋಗುತ್ತಾಳೆ. ನಿನ್ನೆ ರೊಟ್ಟಿ ಬಡಿಯುವಾಗ ಹಿಂದೆ ಒಂದು ಮಣೆ ಹಾಕಿ, “ಬಾ, ಬೆನ್ನ ಹಚ್ಚಿ ಕೂಡು” ಎಂದೆ. ಮುದುಕಿಗೆ ಹುಚ್ಚು ಹಿಡಿಯಿತು ಎಂಬಂತೆ ನೋಡಿದಳು. ಆಮೇಲೆ ಕುಳಿತಳು.