ಅಮ್ಮ ಕೇಳಿಸಿಕೊಂಡ ಕ್ಯಾಮೆರಾಗಳು

ಮೊನ್ನೆ ಇಂದಿರಾನಗರದ ಕಾಫಿ ಅಂಗಡಿಯೊಂದರಲ್ಲಿ ಪಕ್ಕದ ಮೇಜಿನ ಹುಡುಗ ಹಳೆಯ ರೀಲ್ ಕ್ಯಾಮೆರಾ ತೆಗೆದು ಗೆಳತಿಯ ಫೋಟೋ ಹೊಡೆದ. ಒಳಗೆ ಬೆಳಕು ಕಮ್ಮಿಯಿತ್ತು. ಶಟರ್ ತೆರೆದು, ಜರ್ರ್ ಎಂದು ಸಣ್ಣಗೆ ಓಡಿ, ಟಕ್ಕೆಂದು ಮುಚ್ಚಿತು. ಆ ಓಟದ ನಡುವೆ ಎಲ್ಲೋ ಒಂದು ಕಡೆ ಸದ್ದು ಒಂಚೂರು ಎಳೆಯಿತು. ಅವನಿಗೆ ಗೊತ್ತಾಗಲಿಲ್ಲ. ಈಗಿನವರಿಗೆ ರೀಲ್ ಕ್ಯಾಮೆರಾ ಮತ್ತೆ ಶೋಕಿಯಂತೆ, ಇರಲಿ ಬಿಡಿ. ನನ್ನ ಕಾಫಿ ಮಾತ್ರ ಲೋಟದಲ್ಲೇ ಆರಿತು. ನಾನಾಗಲೇ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಗೆ ಹೋಗಿಬಿಟ್ಟಿದ್ದೆ. ಒಗ್ಗರಣೆಯ ಘಾಟಿನ ಜೊತೆ ಕ್ಯಾಮೆರಾ ತೊಳೆಯುವ ವೈಟ್ ಪೆಟ್ರೋಲಿನ ವಾಸನೆಯೂ ಸೇರಿಕೊಂಡಿರುತ್ತಿದ್ದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ. ಅದನ್ನು ಕೆಡವಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಕೆಳಗೆ ಮೊಬೈಲ್ ಅಂಗಡಿ, ಮೇಲೆ ಪೇಯಿಂಗ್ ಗೆಸ್ಟ್ ಹುಡುಗಿಯರು.

ಅಪ್ಪ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದ. ಸಂಜೆ ಮನೆಗೆ ಬಂದವನು ಕಾಫಿ ಕುಡಿದು, ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕೂತನೆಂದರೆ ಊಟಕ್ಕೂ ಏಳುವವನಲ್ಲ. ಶಿವಾಜಿನಗರದ ರಹಮತ್ ಸಾಹೇಬರು, ಹಲಸೂರಿನ ಸ್ಟುಡಿಯೋದವರು, ಎಲ್ಲರೂ ಕೆಟ್ಟ ಕ್ಯಾಮೆರಾಗಳನ್ನು ತಂದು ಅವನ ಮುಂದೆ ಸುರಿಯುತ್ತಿದ್ದರು. ಎಲ್ಲವೂ ಮದುವೆ ಮನೆಗಳ ಕ್ಯಾಮೆರಾಗಳೇ. ಸ್ಟೇಜಿನಿಂದ ಬಿದ್ದವು, ಪನ್ನೀರು ಕುಡಿದವು, ಸಂದಿಯಲ್ಲಿ ಅಕ್ಷತೆ ಕಾಳು ಸಿಕ್ಕಿಕೊಂಡವು. ಮಳೆಗಾಲ ಕಳೆದರೆ ಬೂಷ್ಟು ಹಿಡಿದ ಲೆನ್ಸುಗಳು. ಗಾಜಿನೊಳಗೆ ಜೇಡನ ಬಲೆಯಂಥ ಬಿಳಿ ಎಳೆಗಳನ್ನು ನೋಡಿ ಅಪ್ಪ ಲೊಚಗುಟ್ಟುತ್ತಿದ್ದ. ಒಂದೊಂದೇ ಗಾಜು ಬಿಚ್ಚಿ, ಒರೆಸಿ, ಊದಿ, ಮತ್ತೆ ಕೂರಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದ. ನಾವೂ ಹಿಡಿಯುತ್ತಿದ್ದೆವು.

ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಒಂದು ಕಿವಿಯನ್ನು ಆಗಲೇ ತಿಂದಿತ್ತು, ಇನ್ನೊಂದು ನಿಧಾನವಾಗಿ ಅದರ ದಾರಿ ಹಿಡಿಯಿತು. ಶಟರಿನ ಜೋರು ಓಟವನ್ನು ಕಣ್ಣಿನಿಂದಲೇ ಅಳೆಯಬಹುದಿತ್ತು. ಕ್ಯಾಮೆರಾದ ಬೆನ್ನು ತೆರೆದು, ಓಡುತ್ತಿರುವ ಟಿವಿಯತ್ತ ಹಿಡಿದು, ಅದರೊಳಗೆ ಕಾಣುವ ಪಟ್ಟಿ ನೋಡಿ ಹೇಳುತ್ತಿದ್ದ. ಒಂದು ಸೆಕೆಂಡು, ಅರ್ಧ ಸೆಕೆಂಡಿನ ನಿಧಾನದ ಓಟಕ್ಕೆ ಮಾತ್ರ ಕಿವಿಯೇ ಬೇಕು. ಒಳಗಿನ ಪುಟ್ಟ ಹಲ್ಲಿನ ಚಕ್ರಗಳಲ್ಲಿ ಹಳೆಯ ಗ್ರೀಸು ಒಣಗಿ ಅಂಟಾದರೆ ಸದ್ದು ಎಳೆಯುತ್ತದೆ. ಅದನ್ನು ಕೇಳುತ್ತಿದ್ದದ್ದು ಅಮ್ಮ. ಸಂಗೀತ ಗಿಂಗೀತ ಕಲಿತವಳಲ್ಲ. ನಿದ್ದೆಯಲ್ಲೂ ಬೀದಿ ನಲ್ಲಿಯಲ್ಲಿ ನೀರು ಬಂದದ್ದು ಕೇಳಿ ಎದ್ದು ಕೂರುವ ಪಾಪಿ ಕಿವಿ ಅವಳದು. ಅಪ್ಪ ಗುಂಡಿ ಒತ್ತಿ ಅಡುಗೆಮನೆಯತ್ತ ನೋಡುತ್ತಿದ್ದ. ಅವಳು ಕೂಗಿ ಹೇಳಿ ಪ್ರಯೋಜನವಿಲ್ಲವಲ್ಲ, ಕೈಯಲ್ಲೇ ಹೇಳುತ್ತಿದ್ದಳು. ಅಂಗೈ ಚಪ್ಪಟೆ ಮಾಡಿದರೆ ಸರಿಯಿದೆ, ತೋರುಬೆರಳನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆದರೆ ಇನ್ನೂ ಎಳೆಯುತ್ತಿದೆ. ಅವರಿಬ್ಬರ ಸಂಸಾರದಲ್ಲಿ ಅದಕ್ಕಿಂತ ಹೆಚ್ಚು ಮಾತು ನಡೆದದ್ದು ನನಗೆ ನೆನಪಿಲ್ಲ. ಆದರೂ ಆ ಮನೆಯಷ್ಟು ತುಂಬಿದ ಮನೆಯನ್ನು ನಾನು ಮತ್ತೆ ಕಾಣಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಮ್ಮ ನಲ್ಲಿಯ ಹತ್ತಿರ ಬಿಂದಿಗೆ ಸಮೇತ ಬಿದ್ದಳು. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಎಷ್ಟು ಅರ್ಥವಾಗುತ್ತದೋ ಹೇಳೋಕಾಗಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ನಾನು ಕರೆದರೆ ರೆಪ್ಪೆಯೂ ಅಲುಗುತ್ತಿರಲಿಲ್ಲ. ರಾಮಮೂರ್ತಿ ನಗರದಿಂದ ಅಪ್ಪನ ತಂಗಿ, ನನ್ನ ಅತ್ತೆ, ಬಂದು ನಿಂತಳು. ಕೆಟ್ಟವಳಲ್ಲ. ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ನೋಡಿಕೊಂಡಳು. ಆದರೆ ಬಾಯಿಗೆ ಬೀಗವಿರಲಿಲ್ಲ. ಮಂಚದ ಪಕ್ಕದಲ್ಲೇ ಕೂತು ಪಕ್ಕದ ಮನೆಯವರಿಗೆ ಹೇಳುವಳು, "ಇವಳಿಗೇನೂ ಕೇಳ್ಸಲ್ಲ ಕಣ್ರೀ. ಹಿಂಗೆ ಬಿದ್ದಿರೋ ಬದ್ಲು ಬೇಗ ಹೋದ್ರೆ ಅವಳಿಗೂ ಸುಖ. ನಮ್ಮಣ್ಣನಿಗೆ ಇನ್ನೇನು ವಯಸ್ಸಾಗಿದೆ ಹೇಳಿ?"

ಒಂದು ದಿನ ಅವಳು ಕೆ.ಆರ್. ಪುರದ ಕಡೆಯ ಹೆಣ್ಣಿನ ಫೋಟೋ ತಂದಳು. ಗಂಡ ಬಿಟ್ಟವಳು, ಮಕ್ಕಳಿಲ್ಲ, ಹೊಂದಿಕೊಂಡು ಹೋಗುತ್ತಾಳೆ ಎಂದೆಲ್ಲ ಗಟ್ಟಿಯಾಗಿಯೇ ಹೇಳಿ, ಅಮ್ಮನ ಮೈ ಮೇಲಿಂದಲೇ ಕೈ ಚಾಚಿ ಅಪ್ಪನಿಗೆ ಕೊಟ್ಟಳು. ಅಪ್ಪನಿಗೆ ಒಂದಕ್ಷರವೂ ಕೇಳಿರಲಿಲ್ಲ. ರಿಪೇರಿಯಾದ ಲೆನ್ಸಿನಲ್ಲಿ ಹೊಡೆದ ಫೋಟೋಗಳನ್ನು ಗಿರಾಕಿಗಳು ತಂದು ತೋರಿಸುವುದು ರೂಢಿ. ಇದೂ ಅಂಥದೇ ಎಂದುಕೊಂಡ ಅವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ನಾಲ್ಕೂ ಮೂಲೆ ತಿರುಗಿಸಿ ನೋಡಿ, "ಚೆನ್ನಾಗಿದೆ ಕಣೇ, ತುಂಬ ಚೆನ್ನಾಗಿದೆ" ಎಂದು ಹಿಂದಿರುಗಿಸಿದ. ಅತ್ತೆಯ ಮುಖ ಅರಳಿತು. ನನಗೆ ಅವನ ತಪ್ಪು ಗೊತ್ತಾಯಿತು. ಅತ್ತೆಯ ಹುಚ್ಚಾಟಕ್ಕೆ ಒಳಗೊಳಗೇ ನಗುವೂ ಬಂತು. ಹೇಗಿದ್ದರೂ ಅಮ್ಮನಿಗೆ ಕೇಳುವುದಿಲ್ಲವಲ್ಲ ಎಂದು ಸುಮ್ಮನಾದೆ. ಆ ವಾರದಿಂದ ಅಮ್ಮ ಗಂಜಿಗೆ ಬಾಯಿ ತೆರೆಯುವುದನ್ನು ನಿಲ್ಲಿಸಿದಳು. ಕಾಯಿಲೆ ಗಂಟಲಿಗೆ ಇಳಿದಿರಬೇಕು ಎಂದರು ಎಲ್ಲರೂ.

ಅಪ್ಪನದು ಬೇರೆಯೇ ಹಟ. ರಹಮತ್ ಸಾಹೇಬರ ಕ್ಯಾಮೆರಾ ರಿಪೇರಿಯಾಗಿ ಕೂತಿತ್ತು. "ಭಾಯ್, ಮದ್ವೆ ಸೀಜನ್ನು, ಕೊಟ್ಬಿಡಿ. ಸದ್ದು ನಾನೇ ಕೇಳ್ಕೋತೀನಿ" ಎಂದು ಅವರು ಕೈಸನ್ನೆ ಮಾಡಿ ಬೇಡಿದರು. ಅಪ್ಪ ಒಪ್ಪಲಿಲ್ಲ. "ಅವ್ಳು ಕೇಳಿ ಹೇಳೋವರ್ಗೂ ಇದು ಮನೆ ಬಿಡಲ್ಲ" ಎಂದ. ನಾನು ಕೇಳುತ್ತೇನೆಂದರೆ ನನ್ನದು ಎಳೇ ಕಿವಿಯಂತೆ. ದಿನಾ ಕಾರ್ಖಾನೆಯಿಂದ ಬಂದು ಅಮ್ಮನ ತಲೆಯ ಹತ್ತಿರ ಕೂತು ಗುಂಡಿ ಒತ್ತುತ್ತಿದ್ದ. ಅವಳ ಎಡಗೈಯನ್ನೇ ದಿಟ್ಟಿಸುತ್ತಿದ್ದ. ಸಾಹೇಬರು ಕಣ್ಣೊರೆಸಿಕೊಂಡು ಹೋದರು.

ಒಂದು ಭಾನುವಾರ ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದಳು. ಅಪ್ಪ ಇನ್ನೂ ತೊಳೆಯದ, ಅಂಟು ಹಿಡಿದ ಬೇರೊಂದು ಕ್ಯಾಮೆರಾ ತಂದು ಒತ್ತಿದ. ಜರ್ರ್ ಎಂದು ಹೊರಟ ಸದ್ದು ನಡುವೆ ನಿತ್ರಾಣವಾಗಿ, ಎಳೆದು, ಹೇಗೋ ಮುಗಿಯಿತು. ಕಂಬಳಿಯ ಮೇಲೆ ಅಮ್ಮನ ತೋರುಬೆರಳು ನಿಧಾನವಾಗಿ ಉದ್ದಕ್ಕೆ ಗೆರೆ ಎಳೆಯಿತು. ಅಪ್ಪ ಸಾಹೇಬರ ಕ್ಯಾಮೆರಾ ಎತ್ತಿಕೊಂಡು ಒತ್ತಿದ. ಅಂಗೈ ಚಪ್ಪಟೆಯಾಯಿತು.

ಅಪ್ಪ ಅತ್ತ ಹಾಗೆ ಗಂಡಸರು ಅಳುವುದನ್ನು ನಾನು ನೋಡಿರಲಿಲ್ಲ. "ಕೇಳ್ಸತ್ತೆ ಕಣೇ, ನಿಮ್ಮಮ್ಮಂಗೆ ಎಲ್ಲಾ ಕೇಳ್ಸತ್ತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ನಾನು ಮಾತ್ರ ಹಿಂದಿನ ದಿನಗಳನ್ನು ಲೆಕ್ಕ ಹಾಕಿದೆ. ಕೇಳಿಸುವುದಾದರೆ ಇಂದಷ್ಟೇ ಅಲ್ಲ. ಬೇಗ ಹೋದರೆ ಸುಖ ಎಂದದ್ದು, ಆ ಹೆಣ್ಣಿನ ಊರು ಕುಲ ಗುಣ, ಭೂತಗನ್ನಡಿ ಹಾಕಿ ನೋಡಿ ಗಂಡನೇ ಚೆನ್ನಾಗಿದೆ ಎಂದದ್ದು, ಎಲ್ಲ ಕೇಳಿದೆ. ಅಮ್ಮ ಅಪ್ಪನನ್ನು ನೋಡುತ್ತಿರಲಿಲ್ಲ, ಸೂರು ನೋಡುತ್ತಿದ್ದಳು. ನಾನು ಅವಳ ಕಿವಿಗೆ ಬಾಯಿಟ್ಟು ಹೇಳಿದೆ, "ಅಮ್ಮಾ, ಅಪ್ಪ ನೋಡಿದ್ದು ಫೋಟೋ ಅಷ್ಟೇ, ಹೆಣ್ಣನ್ನಲ್ಲ. ಅತ್ತೆ ಹೇಳಿದ್ದು ಅವನಿಗೆ ಕೇಳ್ಸಿಲ್ಲ. ನಿನ್ನಾಣೆ. ಗೊತ್ತಾಯ್ತಾ?"

ಅವಳ ಕಣ್ಣು ನನ್ನ ಕಡೆ ತಿರುಗಿತು. ಉತ್ತರ ಕೊಡಲು ಅವಳಿಗಿದ್ದದ್ದು ಆ ಒಂದು ಕೈ. ಅದನ್ನು ಅಪ್ಪ ತನ್ನೆರಡು ಕೈಗಳಲ್ಲಿ ಬಿಗಿಯಾಗಿ ಹಿಡಿದು ಹಣೆಗೆ ಒತ್ತಿಕೊಂಡು ಅಳುತ್ತಿದ್ದ. ಬಿಡಪ್ಪಾ, ಒಂದ್ನಿಮಿಷ ಬಿಡು ಎಂದೆ. ಅವನಿಗೆ ಕೇಳಲಿಲ್ಲ. ತೋಳು ಹಿಡಿದು ಎಳೆದರೆ ನನ್ನನ್ನೂ ತಬ್ಬಿಕೊಂಡ. ಅವನು ಕೈ ಬಿಡುವಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿದ್ದಳು. ಸಂಜೆಗೆ ಇನ್ನೊಂದು ಸಲ ಲಕ್ವ ಹೊಡೆಯಿತು. ಆಮೇಲೆ ಆ ಬೆರಳುಗಳು ಅಲುಗಲಿಲ್ಲ, ಮೂರನೆಯ ದಿನ ಹೋದಳು.

ಅಪ್ಪ ಬದುಕಿದ್ದಷ್ಟು ಕಾಲ ಬಂದವರಿಗೆಲ್ಲ ಆ ಭಾನುವಾರದ ಕಥೆ ಹೇಳುತ್ತಿದ್ದ. ಕೊನೆಯವರೆಗೂ ಅವಳಿಗೆ ಎಲ್ಲಾ ಕೇಳಿಸುತ್ತಿತ್ತು ಎನ್ನುವಾಗ ಅವನ ಮುಖದಲ್ಲಿ ಎಂಥ ಸಮಾಧಾನ! ನಾನು ಪಕ್ಕದಲ್ಲಿ ಕೂತು, ಹೌದು ಎಂದು ತಲೆಯಾಡಿಸುತ್ತಿದ್ದೆ.